ಗಿಟ್ಟದ ಗಿಟ್

ಹಗಲೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ದುಡಿದು, ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಪಂಚಾಂಗದ ಆಪ್ ಬರೆಯುವ ಗೃಹಸ್ಥನನ್ನು ಹವ್ಯಾಸಿ ಪ್ರೋಗ್ರಾಮರ್ ಎಂದು ಕರೆಯಬಹುದು. ತಿಥಿಕ್ಷಯ, ಅಧಿಕಮಾಸಗಳನ್ನು ಲೆಕ್ಕಕ್ಕೆ ಬಗ್ಗಿಸಿದವನ ಜಾಣ್ಮೆಯನ್ನು ಶಂಕಿಸುವುದು ಅನ್ಯಾಯವಾದ್ದರಿಂದ, ಈತನನ್ನು ಗುರುತಿಸಲು ಅವನ ಫೋಲ್ಡರುಗಳ ಹೆಸರನ್ನೇ ನೋಡಬೇಕು: ‘ಪಂಚಾಂಗ’, ‘ಪಂಚಾಂಗ ಹೊಸದು’, ‘ಪಂಚಾಂಗ ಫೈನಲ್’, ‘ಪಂಚಾಂಗ ಫೈನಲ್ ಇದೇ’, ‘ಪಂಚಾಂಗ ಮುಟ್ಟಬೇಡ’. ಅಧಿಕಮಾಸದ ತಪ್ಪು ಇವುಗಳಲ್ಲಿ ಯಾವುದರಲ್ಲಿ ಸರಿಹೋಗಿದೆಯೆಂಬುದು ಅವನಿಗೂ ತಿಳಿಯದು. ‘ಹೊಸದು’ ಎಂಬುದು ಬಹಳ ಹಳೆಯದು ಎಂಬುದಷ್ಟೇ ಖಚಿತ.

ಕೋಡಿನ ಪ್ರತಿ ಹಂತವನ್ನೂ ಯಾರು, ಯಾವಾಗ, ಏಕೆ ಬದಲಿಸಿದರೆಂಬ ಟಿಪ್ಪಣಿಯೊಡನೆ ಕಾದಿಟ್ಟು, ಬೇಕೆಂದಾಗ ಹಿಂದಿನ ಸ್ಥಿತಿಗೆ ಮರಳಲು ಅನುವು ಮಾಡುವ ಸಾಧನಕ್ಕೆ ವರ್ಷನ್ ಕಂಟ್ರೋಲ್ ಎಂದು ಹೆಸರು. 1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮೊದಲಾದ ಈ ಪರಂಪರೆಯಲ್ಲಿ ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಗಿಟ್. ಬೆಂಗಳೂರಿನ ಕಂಪನಿಯಲ್ಲಿರುವ ಸೋದರಳಿಯ ಹಬ್ಬಕ್ಕೆ ಬಂದಾಗಲೆಲ್ಲ ‘ಮಾವ, ಗಿಟ್ ಹಾಕ್ಕೊಳ್ಳಿ, ಅರ್ಧ ಗಂಟೆ ಕೆಲಸ’ ಎನ್ನುತ್ತಾನೆ. ‘ಒಬ್ಬನೇ ಬರೆಯೋನಿಗೆ ಅದೆಲ್ಲ ಗಿಟ್ಟಲ್ಲ ಕಣೋ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದರ ಬೆಂಬಲಕ್ಕೆ ಆತ ಇತಿಹಾಸವನ್ನೂ ಓದಿಕೊಂಡಿರುತ್ತಾನೆ: ಗಿಟ್ಟನ್ನು ಬರೆದ ಲಿನಸ್ ಟೊರ್ವಾಲ್ಡ್ಸ್ ಅವರೇ ಲಿನಕ್ಸ್ ಕರ್ನಲ್ಲನ್ನು 1991ರಿಂದ ಸುಮಾರು ಹತ್ತು ವರ್ಷ ಇಂಥ ಯಾವ ಸಾಧನವೂ ಇಲ್ಲದೆ, ಇಮೇಲಿನಲ್ಲಿ ಬಂದ ಪ್ಯಾಚುಗಳೆಂಬ ತೇಪೆಗಳನ್ನು ತಾವೇ ಹಚ್ಚಿ ನಡೆಸಿದರು. ಅನಂತರ ಹಿಡಿದ ಬಿಟ್‌ಕೀಪರ್ ಎಂಬ ಸಾಧನ ಉಚಿತವಾಗಿ ಸಿಗುವುದು ನಿಂತಾಗ, 2005ರ ಏಪ್ರಿಲ್‌ನಲ್ಲಿ ಅವರು ಗಿಟ್ಟನ್ನು ಬರೆಯಲು ಕುಳಿತ ಭಾಗ ಮಾತ್ರ ಈ ಪಾರಾಯಣದಲ್ಲಿ ಬರುವುದಿಲ್ಲ.

ಹಿಂಜರಿಕೆಯ ಬೇರಿರುವುದು ಬೇರೆ ಕಡೆ. ಆ ಹೊತ್ತಿನ ಕೋಡನ್ನು ದಾಖಲಿಸುವ ಕ್ರಿಯೆಗೆ ಕಮಿಟ್ ಎನ್ನುತ್ತಾರೆ. ಬರೆದವನ ಹೆಸರು, ದಿನ, ಗಂಟೆ, ನಿಮಿಷ, ಸೆಕೆಂಡುಗಳ ಜೊತೆಗೆ ‘ಏನು ಬದಲಾಯಿತು’ ಎಂಬ ಸಾಲೂ ಅದರಲ್ಲಿ ಸೇರುತ್ತದೆ. ಫೋಲ್ಡರನ್ನು ನಕಲು ಮಾಡುವಾಗ ಯಾರೂ ಏನನ್ನೂ ಕೇಳುವುದಿಲ್ಲ, ಗಿಟ್ ಆಡಿಟರಿನಂತೆ ಕೇಳುತ್ತದೆ. ರಾತ್ರಿ ಹನ್ನೊಂದೂವರೆಗೆ ಮೂರು ಕಡೆ ಏನೇನೋ ತಿದ್ದಿ, ಯಾವುದರಿಂದ ಸರಿಹೋಯಿತೆಂದು ತಿಳಿಯದೆ ಕುಳಿತವನು ತನ್ನ ಹೆಸರಿನ ಮುಂದೆ ಏನೆಂದು ಬರೆದಾನು? ದಿನವಿಡೀ ವೋಚರುಗಳಿಗೆ ರುಜು ಹಾಕುವವನಿಗೆ ಈ ಒಂದು ಸಾಲು ಹೊರಡದಿರುವುದು ವಿಚಿತ್ರವೆನಿಸಬಹುದು. ಆದರೆ ವೋಚರಿನಲ್ಲಿ ಮುಖ್ಯವಾದದ್ದೆಲ್ಲ ಮೊದಲೇ ಅಚ್ಚಾಗಿರುತ್ತದೆ.

ತಮಾಷೆಯೆಂದರೆ, ಗಿಟ್ ಒಳಗೊಳಗೆ ಮಾಡುವುದೂ ಹೆಚ್ಚುಕಡಿಮೆ ಈತನ ಕೆಲಸವನ್ನೇ. ಪ್ರತಿ ಕಮಿಟ್ಟೂ ಇಡೀ ಫೋಲ್ಡರಿನ ಆ ಹೊತ್ತಿನ ಚಿತ್ರವಾಗಿದ್ದು, ಬದಲಾಗದ ಫೈಲನ್ನು ಮತ್ತೆ ಇಡದೆ ಹಳೆಯದರತ್ತಲೇ ಬೆರಳು ತೋರಿಸುವ ಜಿಪುಣತನವೊಂದು ಅದಕ್ಕೆ ಹೆಚ್ಚಿಗೆ ಇದೆ.

ಯುಗಾದಿಯ ಮರುದಿನ ಸೋದರಳಿಯ ಗಿಟ್ ಹಾಕಿಕೊಟ್ಟು ಬಸ್ ಹತ್ತಿದ ಮೇಲೆ ಆತ ಧೈರ್ಯ ಮಾಡಿ ಕಮಿಟ್ ಎಂದು ಟೈಪಿಸಿದರೆ, ಸಂದೇಶ ಬರೆಯಿರೆಂದು ವಿಮ್ ಎಂಬ ಎಡಿಟರ್ ತೆರೆದುಕೊಳ್ಳುತ್ತದೆ. ಒತ್ತಿದ ಕೀಲಿಗಳನ್ನು ಮೊದಮೊದಲು ಅಕ್ಷರಗಳೆಂದಲ್ಲದೆ ಆಜ್ಞೆಗಳೆಂದು ತಿಳಿಯುವುದು ವಿಮ್‌ನ ಸ್ವಭಾವ. ‘ಅಧಿಕಮಾಸ ಸರಿಯಾಯಿತು’ ಎಂಬ ನಿರುಪದ್ರವಿ ವಾಕ್ಯದ ಮೊದಲ ಅಕ್ಷರವನ್ನೇ ಅದು ನುಂಗುತ್ತದೆ. ಹೊರಬರುವ ದಾರಿ ಕಾಣದೆ ಆತ ಕಿಟಕಿಯನ್ನೇ ಮುಚ್ಚುತ್ತಾನೆ. ನಾಳೆ ಮತ್ತೆ ಪ್ರಯತ್ನಿಸುವ ಮುನ್ನ ಯಾವುದಕ್ಕೂ ಇರಲೆಂದು ಇಡೀ ಫೋಲ್ಡರನ್ನು ‘ಪಂಚಾಂಗ ಗಿಟ್‌ಗಿಂತ ಮುಂಚೆ’ ಎಂಬ ಹೆಸರಿನಲ್ಲಿ ನಕಲು ಮಾಡುತ್ತಾನೆ. ಗಿಟ್ ತನ್ನ ದಾಖಲೆಗಳಿಗಾಗಿ ಮಾಡಿಕೊಂಡ ಅಡಗು ಫೋಲ್ಡರು, ಒಂದು ಕಮಿಟ್ಟೂ ಇಲ್ಲದೆ, ಆ ನಕಲಿನೊಳಗೂ ಹೋಗಿ ಕೂರುತ್ತದೆ.