ನಮ್ಮವರ ಆಕಾಶವಾಣಿ

ಸ್ಯಾನ್ ಹೋಸೆಯ ಕನ್ನಡಿಗ ಗಂಡಸರಿಗೆ ಮಕ್ಕಳು ಕಾಲೇಜಿಗೆ ಹೋದ ಮೇಲೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಒಬ್ಬರು ಮ್ಯಾರಥಾನ್ ಓಡುತ್ತಾರೆ. ಇನ್ನೊಬ್ಬರು ಹಿತ್ತಲಲ್ಲಿ ಹೀರೇಕಾಯಿ ಬೆಳೆದು, ಬೇಡ ಅಂದರೂ ಬಿಡದೆ ಊರಿಗೆಲ್ಲ ಹಂಚುತ್ತಾರೆ. ಗಟ್ಟಿ ಗುಂಡಿಗೆಯವರು ಕನ್ನಡ ಕೂಟದ ಸಮಿತಿಗೆ ನಿಲ್ಲುತ್ತಾರೆ. ನಮ್ಮವರು ಅಷ್ಟು ಅಪಾಯದ ಕೆಲಸಕ್ಕೆಲ್ಲ ಕೈಹಾಕದೆ ವಿಮಾನ ಹಾರಿಸುವುದನ್ನು ಕಲಿತರು.

ಊರೊಳಗೇ ಇರುವ ರೀಡ್-ಹಿಲ್‌ವ್ಯೂ ಎಂಬ ಪುಟ್ಟ ನಿಲ್ದಾಣದಲ್ಲಿ ಸೆಸ್ನಾ 172 ಬಾಡಿಗೆಗೆ ಸಿಗುತ್ತದೆ. ಒಂದು ಇಂಜಿನ್ನು, ನಾಲ್ಕು ಸೀಟು. ಅದನ್ನು ಏರಿಸುವುದು, ಇಳಿಸುವುದು, ಪಾಠಕ್ಕೆಂದು ಇಂಜಿನ್ ತಗ್ಗಿಸಿ ಕೆಳಗೆ ಯಾವ ಹೊಲದಲ್ಲಿ ಇಳಿಯಬಹುದೆಂದು ಹುಡುಕುವುದು, ಇವೆಲ್ಲ ಇವರಿಗೆ ಸಲೀಸಾಗಿ ಬಂದವು. ಬೆವರು ಕಿತ್ತುಕೊಂಡು ಬರುತ್ತಿದ್ದುದು ಮೈಕಿನ ಗುಂಡಿ ಒತ್ತುವಾಗ. ಯಾರನ್ನು ಕರೆಯುತ್ತಿದ್ದೇನೆ, ನಾನು ಯಾರು, ಎಲ್ಲಿದ್ದೇನೆ, ನನಗೇನು ಬೇಕು: ಇಷ್ಟೇ ಹೇಳಬೇಕು, ಇದೇ ಕ್ರಮದಲ್ಲಿ ಹೇಳಬೇಕು, ಗುಂಡಿ ಬಿಡಬೇಕು. ತಿಪಟೂರಿನ ಕಡೆಯ ಮನುಷ್ಯನಿಗೆ ಇದು ಸಣ್ಣ ಶಿಕ್ಷೆಯಲ್ಲ. ಸಾಲ ಕೇಳಲು ಹೋದರೂ ಮೊದಲು ಮಳೆ, ಆಮೇಲೆ ಕೊಬ್ಬರಿ ರೇಟು, ಆಮೇಲೆ ಯಾರದೋ ಮಗಳ ಮದುವೆ, ಕೊನೆಗೆ ಹೊಸ್ತಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ "ಅಂದಹಾಗೆ..." ಎನ್ನುವ ವಂಶ ಅದು.

ಹೊಸಬರಿಗೆ ಅಮೆರಿಕದಲ್ಲಿ ಒಂದು ಅನುಕೂಲ ಮಾಡಿಕೊಟ್ಟಿದ್ದಾರೆ. ಮೊದಲ ಕರೆಯಲ್ಲೇ "ಸ್ಟೂಡೆಂಟ್ ಪೈಲಟ್" ಎಂದು ಸೇರಿಸಿದರೆ ಸಾಕು, ಕಂಟ್ರೋಲರು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತನಾಡುತ್ತಾರೆ. ಇದನ್ನು ಕೇಳಿದಾಗ ನನಗೆ ಹೊಟ್ಟೆ ಉರಿಯಿತು. ನಾನು ಮದುವೆಯಾಗಿ ಈ ದೇಶಕ್ಕೆ ಬಂದ ಹೊಸದರಲ್ಲಿ ಅಂಗಡಿ, ಬ್ಯಾಂಕು, ಅತ್ತೆಯ ಫೋನು, ಎಲ್ಲ ಕಡೆ "ಸ್ಟೂಡೆಂಟ್ ಹೆಂಡತಿ" ಎಂದು ಹೇಳಿಕೊಳ್ಳುವ ಸೌಲಭ್ಯ ಇದ್ದಿದ್ದರೆ!

ಲೈಸೆನ್ಸ್ ಬಂದ ಮೇಲೆ ಬಲಗಡೆಯ ಸೀಟು ನನ್ನದಾಯಿತು. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಕೂತ ಮೊದಲ ಸಲ ನಾನು ಬೆಚ್ಚಿಬಿದ್ದದ್ದು ಎತ್ತರಕ್ಕಲ್ಲ. ಮನೆಯಲ್ಲಿ "ಬರುವಾಗ ಹಾಲು, ಕೊತ್ತಂಬರಿ ತನ್ನಿ, ಗ್ಯಾರೇಜಿನ ಬಾಗಿಲು ಹಾಕಿ" ಎಂದರೆ "ಹ್ಞೂಂ" ಎನ್ನುವ ಮನುಷ್ಯ, ಇಲ್ಲಿ ಟವರಿನವರು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ತಿರುಗಿ ಒಪ್ಪಿಸುತ್ತಿದ್ದಾರೆ! ಯಾವ ರನ್‌ವೇ, ಎಡವೋ ಬಲವೋ, ಎಲ್ಲಿ ನಿಲ್ಲಬೇಕು, ಎಲ್ಲ ಹೇಳಿ ಕೊನೆಗೆ ತಮ್ಮ ನಂಬರನ್ನೂ ಸೇರಿಸಿ. ಅದರಲ್ಲೂ "ರನ್‌ವೇಗೆ ಮುಂಚೆ ನಿಲ್ಲಿ" ಎಂದು ಹೇಳಿದಾಗ ಬರೀ "ರಾಜರ್" ಅಂದು ಜಾರಿಕೊಳ್ಳುವಂತಿಲ್ಲ. ಪೂರ್ತಿ ಒಪ್ಪಿಸುವವರೆಗೂ ಕಂಟ್ರೋಲರು ಬಿಡುವುದಿಲ್ಲ, ಮತ್ತೆ ಕೇಳುತ್ತಾರೆ, ಬಾಯಿಬಿಡಿಸುತ್ತಾರೆ. ಸರ್ಕಾರವೇ ಹಾಗೆಂದು ನಿಯಮ ಮಾಡಿದೆ. ಅಂದರೆ ಗಂಡಸರಿಂದ ಇದನ್ನು ಮಾಡಿಸಲು ಸಾಧ್ಯವಿದೆ ಎಂದಾಯಿತು.

ಇವರ ಹಾರಾಟಕ್ಕೆ ದೃಶ್ಯ ಹಾರಾಟ ಎಂದು ಹೆಸರು. ಮೋಡದೊಳಗೆ ನುಗ್ಗಬಾರದು, ಸಾಮಾನ್ಯವಾಗಿ ಮೂರು ಮೈಲಿಯಾದರೂ ಮುಂದೆ ಕಾಣಬೇಕು, ಬೇರೆ ವಿಮಾನವನ್ನು ಕಣ್ಣಿಂದ ನೋಡಿಯೇ ತಪ್ಪಿಸಿಕೊಳ್ಳಬೇಕು. ನಡುನಾಡಿನ ಬಯಲ ಮೇಲಾದರೆ ರೇಡಾರಿಗೆ ಗುರುತು ಹೇಳುವ ಟ್ರಾನ್ಸ್‌ಪಾಂಡರಿನಲ್ಲಿ 1200 ಎಂದು ಹಾಕಿಕೊಂಡು ಯಾರ ಜೊತೆಗೂ ಮಾತಿಲ್ಲದೆ ಹಾರುತ್ತಾ ಹೋಗಬಹುದು. ಆದರೆ ನಮ್ಮ ಕಡೆ ಸ್ಯಾನ್ ಫ್ರಾನ್ಸಿಸ್ಕೊ, ಓಕ್‌ಲ್ಯಾಂಡ್, ಸ್ಯಾನ್ ಹೋಸೆ ಮೂರೂ ದೊಡ್ಡ ನಿಲ್ದಾಣಗಳು ಒತ್ತೊತ್ತಾಗಿ ಕೂತಿವೆ. ಮಾತಾಡದೆ ಮಗ್ಗುಲು ಬದಲಿಸುವಂತಿಲ್ಲ. ಸಾಲದ್ದಕ್ಕೆ ರೀಡ್-ಹಿಲ್‌ವ್ಯೂನಲ್ಲೂ ಜೋಡಿ ರನ್‌ವೇ, ಪಕ್ಕದ ಸ್ಯಾನ್ ಹೋಸೆಯ ದೊಡ್ಡ ನಿಲ್ದಾಣದಲ್ಲೂ ಜೋಡಿ ರನ್‌ವೇ, ಎರಡೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿವೆ; ಮೇಲಿನಿಂದ ಒಂದನ್ನು ಇನ್ನೊಂದೆಂದುಕೊಂಡರೆ ಕೆಟ್ಟಿತು.

ಆ ದೊಡ್ಡ ನಿಲ್ದಾಣದ ಸುತ್ತಲಿನ ಆಕಾಶಕ್ಕೆ ಹೊಗಲು ಇರುವ ನಿಯಮ ನನಗೆ ಬಲು ಇಷ್ಟ. ಅನುಮತಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ನಾವು ಕರೆದಾಗ ಕಂಟ್ರೋಲರು "ಕರೆದ ವಿಮಾನ ಯಾರೋ, ಸ್ವಲ್ಪ ತಾಳಿ" ಎಂದರೆ ಹೊರಗೇ ಸುತ್ತಬೇಕು. ನಮ್ಮ ನಂಬರು ಹಿಡಿದು "ಸೆಸ್ನಾ ಇಂಥದ್ದು, ಸ್ವಲ್ಪ ತಾಳಿ" ಎಂದರೆ ಒಳಗೆ ಹೋಗಬಹುದು! ಹೇಳಿದ್ದು ಎರಡೂ ಸಲ ತಾಳಿ ಎಂದೇ. ಇದು ಥೇಟು ಮದುವೆ ಮನೆಯ ಊಟದ ಹಾಲಿನ ಬಾಗಿಲು. ಯಜಮಾನರು ಹೆಸರು ಹಿಡಿದು "ಏ ಶಂಕ್ರಣ್ಣಾ, ಒಂದ್ನಿಮಿಷ ಇರಪ್ಪ" ಅಂದರೆ ಶಂಕ್ರಣ್ಣ ನೇರ ಹೋಗಿ ಎಲೆ ಮುಂದೆ ಕೂರುತ್ತಾನೆ. ಹೆಸರು ಹೇಳದೆ "ಸ್ವಲ್ಪ ಇರಿ" ಅಂದವರು ಎರಡನೇ ಪಂಕ್ತಿಗೆ. ಸ್ಯಾನ್ ಫ್ರಾನ್ಸಿಸ್ಕೊದವರು ಇನ್ನೂ ಬಿಗಿ. ಅವರು ನಿಚ್ಚಳವಾಗಿ "ಬನ್ನಿ" ಅನ್ನದೆ ಯಾರೂ ಹೊಗುವಂತಿಲ್ಲ.

ಪಕ್ಕದಲ್ಲಿ ಕೂತ ನನಗೂ ಕೆಲಸವಿದೆ. ರೇಡಾರಿನವರು "ಎರಡು ಗಂಟೆ, ಮೂರು ಮೈಲಿ, ಎದುರಿನಿಂದ ಬರುತ್ತಿದೆ" ಎನ್ನುತ್ತಾರೆ. ಗಂಟೆ ಎಂದರೆ ಹೊತ್ತಲ್ಲ, ದಿಕ್ಕು. ನಮ್ಮ ಮೂಗಿನ ನೇರ ಹನ್ನೆರಡು. ಅಲ್ಲಿ ಬರುವ ವಿಮಾನವನ್ನು ಯಾವಾಗಲೂ ಮೊದಲು ಹಿಡಿಯುವವಳು ನಾನೇ. ಅಕ್ಕಿಯಲ್ಲಿ ಕಲ್ಲು ಹುಡುಕಿ ಪಳಗಿದ ಕಣ್ಣು. "ಅಗೋ" ಎಂದು ಬೆರಳು ತೋರಿಸಿದರೆ ಇವರು ಗುಂಡಿ ಒತ್ತಿ, ಗಂಭೀರ ದನಿಯಲ್ಲಿ "ಟ್ರಾಫಿಕ್ ಇನ್ ಸೈಟ್" ಎಂದು ತಾವೇ ಕಂಡವರಂತೆ ವರದಿ ಒಪ್ಪಿಸುತ್ತಾರೆ. ನನ್ನ ಹೆಸರು ಅಮೆರಿಕ ಸರ್ಕಾರದ ಕಿವಿಗೆ ಇದುವರೆಗೂ ಬಿದ್ದಿಲ್ಲ.

ಇಷ್ಟೆಲ್ಲ ಮಡಿ ಯಾಕೆ ಎಂದು ಒಂದು ದಿನ ರೇಗಿಸಿದ್ದೆ. ಇವರು ನಗಲಿಲ್ಲ. ಈ ರೇಡಿಯೋದಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೇಳುವವರಿಗೆ ಬರೀ ಕಿರ್ರೆನ್ನುವ ಸದ್ದು ಎಂದರು. 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದಲ್ಲಿ, ಮಂಜು ಕವಿದ ರನ್‌ವೇ ಮೇಲೆ, ಏರಲು ಹೊರಟಿದ್ದ ವಿಮಾನಕ್ಕೆ "ತಾಳಿ" ಎಂಬ ಟವರಿನ ಮಾತೂ "ನಾವಿನ್ನೂ ರನ್‌ವೇಯಲ್ಲೇ ಇದ್ದೇವೆ" ಎಂಬ ಇನ್ನೊಂದು ವಿಮಾನದ ಮಾತೂ ಹಾಗೆ ಒಂದರ ಮೇಲೊಂದು ಬಿದ್ದವು. ಎರಡು ಜಂಬೋ ಜೆಟ್‌ಗಳು ಡಿಕ್ಕಿಯಾಗಿ 583 ಜನ ಸತ್ತರು. ಅಂದಿನಿಂದ ನಾನು ಇವರು ಒಪ್ಪಿಸುವಾಗ ಬಾಯಿ ಹಾಕುವುದಿಲ್ಲ. ಏರುವಾಗ, ಇಳಿಯುವಾಗ ಪಯಣಿಗರು ಸುಮ್ಮನಿರಬೇಕೆಂಬ ಇವರ ಕಟ್ಟಳೆಯನ್ನೂ ಒಪ್ಪಿಕೊಂಡಿದ್ದೇನೆ. ಆಡಲಿಕ್ಕಿದ್ದದ್ದನ್ನು ಕಾರಿನಲ್ಲಿ ಆಡಿದರಾಯಿತು.

ಹೋದ ಬೇಸಿಗೆಯಲ್ಲಿ ತಿಪಟೂರಿನಿಂದ ಅತ್ತೆ ಬಂದಿದ್ದರು. ಸಮುದ್ರದ ದಂಡೆಯ ಹಾಫ್ ಮೂನ್ ಬೇಗೆ ಕರೆದುಕೊಂಡು ಹೊರಟೆವು. ಹಿಂದಿನ ಸೀಟು, ರೇಷ್ಮೆ ಸೀರೆ, ಅದರ ಮೇಲೆ ಸ್ವೆಟರು, ತುರುಬಿನ ಮೇಲೆ ಹೆಡ್‌ಸೆಟ್ಟು. ದಾರಿಯುದ್ದಕ್ಕೂ ನಾರ್ದರ್ನ್ ಕ್ಯಾಲಿಫೋರ್ನಿಯಾ ರೇಡಾರಿನ ಒಬ್ಬಳು ಹುಡುಗಿ ನಮ್ಮ ಮೇಲೆ ಕಣ್ಣಿಟ್ಟಿದ್ದಳು. ಈ ಸೇವೆ ಕೈಬಿಡುವಿದ್ದರೆ ಮಾತ್ರ ಸಿಗುತ್ತದೆ, ಸಿಕ್ಕರೆ ಪುಕ್ಕಟೆ. ನಮ್ಮೊಬ್ಬರನ್ನಲ್ಲ, ಹತ್ತಾರು ವಿಮಾನಗಳನ್ನು ಒಂದೇ ಉಸಿರಿನಲ್ಲಿ ಸಂಭಾಳಿಸುತ್ತಿದ್ದಳು. ಬೆಟ್ಟ ದಾಟಿ ಸಮುದ್ರ ಕಂಡಾಗ ಅತ್ತೆಯ ದನಿ ಕಿವಿಯಲ್ಲಿ ಬಂತು.

"ಆ ಹುಡುಗಿ ಆಗಿಂದ ಒಂದೇ ಸಮ ಬಡ್ಕೋತಾ ಇದ್ದಾಳಲ್ಲೋ. ಕಾಫಿನಾದ್ರೂ ಕುಡಿದ್ಲಾ ಕೇಳು."

"ಅದೆಲ್ಲ ಕೇಳೋ ಹಾಗಿಲ್ಲಮ್ಮ."

"ಯಾಕೋ? ದುಡ್ಡು ತಗೊಂಡ್ಲಾ?"

"ಇಲ್ಲ."

"ಮತ್ತೆ? ಬೆಟ್ಟ ದಾಟಿಸಿದ್ದಾಳೆ, ಒಂದು ಮಾತು ಕೇಳಕ್ಕೇನು ಧಾಡಿ?"

ಅಷ್ಟರಲ್ಲಿ ಆ ಹುಡುಗಿಯೇ ನಮ್ಮ ನಂಬರು ಕರೆದು, ರೇಡಾರ್ ಸೇವೆ ಇಲ್ಲಿಗೆ ಮುಗಿಯಿತು, 1200 ಹಾಕಿಕೊಳ್ಳಿ, ಫ್ರೀಕ್ವೆನ್ಸಿ ಬದಲಿಸಬಹುದು, ಗುಡ್ ಡೇ ಎಂದಳು. ಇವರು ಗುಂಡಿ ಒತ್ತಿ ಎಲ್ಲವನ್ನೂ ಒಪ್ಪಿಸಿ, ಸಹಾಯಕ್ಕೆ ಥ್ಯಾಂಕ್ಸ್ ಎಂದೂ ಸೇರಿಸಿದರು.

"ಕೇಳಿದ್ಯಾ?"

"ಹ್ಞೂಂ."

"ಏನಂದ್ಲು?"

"ಆಯ್ತಂತಮ್ಮ."

"ತಿಂಡಿ?" ಅಂದರು ಅತ್ತೆ. ಇವರು ಆಗಲೇ ಫ್ರೀಕ್ವೆನ್ಸಿ ಬದಲಿಸಿಬಿಟ್ಟಿದ್ದರು.