ಕಳಸಕ್ಕೊಂದು ಕಕ್ಷೆ ಕೊಡಿ

ಕಳಸ ತಾಲ್ಲೂಕನ್ನು ಕಂದಾಯ ಇಲಾಖೆಯಿಂದ ಬಿಡಿಸಿ ಬಾಹ್ಯಾಕಾಶ ಇಲಾಖೆಯ ಸುಪರ್ದಿಗೆ ಕೊಡಬೇಕೆಂದು ಈ ಮೂಲಕ ವಿನಂತಿಸಿಕೊಳ್ಳುತ್ತೇನೆ. ಮೂಡಿಗೆರೆ ತಾಲ್ಲೂಕಿನ ಬಣಕಲ್, ಕೊಟ್ಟಿಗೆಹಾರದ ಕಡೆಯವರೂ ಬರುವುದಾದರೆ ನಮ್ಮ ಅಭ್ಯಂತರವಿಲ್ಲ. ನೀರುದೋಸೆಯ ಹೋಟೆಲುಗಳು ನಮಗೂ ಬೇಕು. ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕೋಣವೆಂದರೆ ಕರೆಂಟು ಹೋಗಿದೆ, ಕರೆಂಟಿನ ಹಿಂದೆಯೇ ಟವರೂ ಹೋಗಿದೆ. ಆದ್ದರಿಂದ ಪತ್ರಿಕೆಗೇ ಬರೆದು ಕೊಡುತ್ತಿದ್ದೇನೆ.

ಹುಡುಗಾಟಕ್ಕೆ ಹೇಳುತ್ತಿಲ್ಲ. ಮನುಷ್ಯನನ್ನು ಒಂದು ಕಡೆಗೆ ಕಳಿಸುವ ಮೊದಲು ಅವನು ವಾಪಸು ಬರುವುದು ಹೇಗೆ ಎಂದು ಕುಳಿತು ಯೋಚಿಸುವ ಸರ್ಕಾರಿ ಇಲಾಖೆ ಈ ದೇಶದಲ್ಲಿ ಅದೊಂದೇ ಎಂದು ನನಗೆ ಖಾತ್ರಿಯಾಗಿದೆ.

ಗಗನಯಾನವನ್ನೇ ತಗೊಳ್ಳಿ. ಮೂವರನ್ನು 400 ಕಿಲೋಮೀಟರ್ ಎತ್ತರಕ್ಕೆ ಒಯ್ದು, ಮೂರು ದಿನ ಸುತ್ತಿಸಿ, ಸಮುದ್ರಕ್ಕೆ ಇಳಿಸುವ ಯೋಜನೆ. ಕಕ್ಷೆ ಸೇರಲು 16 ನಿಮಿಷ ಸಾಕು. ಏರುವಾಗ ಏನಾದರೂ ಕೆಟ್ಟರೆ ಅವರು ಕೂತ ಕೋಶವನ್ನು ರಾಕೆಟ್ಟಿನಿಂದ ಕಿತ್ತು ದೂರ ಒಯ್ಯಲು ಬೇರೆಯದೇ ವ್ಯವಸ್ಥೆ ಇದೆ. ಇಳಿಯುವಾಗ ಹತ್ತು ಪ್ಯಾರಾಚೂಟು, ಕೆಳಗೆ ಕಾಯಲು ನೌಕಾಪಡೆ. ಬೆಂಗಳೂರಿನಿಂದ ಕಳಸಕ್ಕೆ 400 ಕಿಲೋಮೀಟರ್ ಕೂಡ ಇಲ್ಲ. ಆಷಾಢದಲ್ಲಿ ಹೊರಟವನು ಯಾವಾಗ ಮುಟ್ಟುತ್ತಾನೆ ಎಂಬುದು ಮರ ಎಲ್ಲಿ ಬಿದ್ದಿದೆ, ಧರೆ ಎಲ್ಲಿ ಜರಿದಿದೆ ಎಂಬುದರ ಮೇಲಿದೆ. ಮಂಗಳೂರಿನ ಆಸ್ಪತ್ರೆಗೆಂದು ಚಾರ್ಮಾಡಿ ಘಾಟಿ ಇಳಿಯುವಾಗ ಏನಾದರೂ ಕೆಟ್ಟರೆ, ಹಿಂದೆ ಬರುತ್ತಿರುವ ಲಾರಿಯವನು ಒಳ್ಳೆಯವನಾಗಿರಬೇಕು. ನಮಗಿರುವ ವ್ಯವಸ್ಥೆ ಅಷ್ಟೇ.

2023ರ ಅಕ್ಟೋಬರ್ 21ರಂದು ಶ್ರೀಹರಿಕೋಟದಲ್ಲಿ ಆ ಕಿತ್ತು ಒಯ್ಯುವ ವ್ಯವಸ್ಥೆಯ ಪರೀಕ್ಷೆ ನಡೆಯಿತು. ಒಳಗೆ ಮನುಷ್ಯರಿರಲಿಲ್ಲ. ಬೆಳಗ್ಗೆ 8ಕ್ಕೆ ಎಂದಿದ್ದು ಮುಂದಕ್ಕೆ ಹೋಯಿತು. ಕೊನೆಗೆ ಹಾರಲು 5 ಸೆಕೆಂಡ್ ಇದೆ ಎನ್ನುವಾಗ ಕಂಪ್ಯೂಟರು ತಾನಾಗಿಯೇ ‘ಬೇಡ’ ಎಂದು ನಿಲ್ಲಿಸಿಬಿಟ್ಟಿತು. ದೇಶವೆಲ್ಲ ಟಿವಿ ಮುಂದೆ ಕೂತಿತ್ತು. ಆದರೂ ಕಂಪ್ಯೂಟರಿಗೆ ಯಾರೂ ಮೇಲಿನಿಂದ ಫೋನು ಮಾಡಿಸಲಿಲ್ಲ. ದೋಷ ಹುಡುಕಿದರು, ಸರಿಮಾಡಿದರು, 10 ಗಂಟೆಗೆ ಹಾರಿಸಿದರು. ಬಿಲ್ಲು ಪಾಸಾಗಲು 5 ಸೆಕೆಂಡ್ ಇರುವಾಗ ತಪ್ಪು ಕಂಡಿತೆಂದು ನಿಂತುಹೋದ ಒಂದೇ ಒಂದು ಕಾಮಗಾರಿಯನ್ನು ನಮ್ಮ ಜಿಲ್ಲೆಯಲ್ಲಿ ತೋರಿಸಿದವರಿಗೆ ನನ್ನ ತೋಟದ ಒಂದು ಮೂಟೆ ರೊಬಸ್ಟಾ ಚೆರಿ ಬಹುಮಾನ. ಈಗಿನ ರೇಟಿನಲ್ಲಿ ಅದೇನೂ ಸಣ್ಣದಲ್ಲ.

ಜೀವ ಕೂರಿಸುವ ಮೊದಲು ವ್ಯೋಮಮಿತ್ರ ಎಂಬ ಹೆಣ್ಣುರೂಪದ ಯಂತ್ರವನ್ನು ಕಳಿಸಿ ನೋಡುವ ಪದ್ಧತಿಯೂ ಆ ಇಲಾಖೆಯಲ್ಲಿದೆ. ನಮ್ಮ ಹಳ್ಳದ ಕಾಲುಸಂಕಗಳ ಪರೀಕ್ಷಾರ್ಥ ಪ್ರಯಾಣವನ್ನು ಜೂನ್ ತಿಂಗಳಲ್ಲಿ ಒಂದನೇ ಕ್ಲಾಸಿನ ಮಕ್ಕಳು ಮಾಡುತ್ತಾರೆ. ಎರಡು ಅಡಿಕೆ ಮರ, ಒಂದೇ ಬದಿಗೆ ಬಿದಿರಿನ ಹಿಡಿಕೆ, ಮೇಲೆ ಪಾಚಿ. ಅಜ್ಜಿಯರು ಕೂತು ತೆವಳಿಕೊಂಡು ದಾಟುತ್ತಾರೆ. ಚೀಲ ಹೊತ್ತ ಮಗು ನಡೆದೇ ಹೋಗುತ್ತದೆ. ನಡುವಿಗೆ ಬಂದಾಗ ಸಂಕ ತೂಗುತ್ತದೆ, ಮಗು ನಿಲ್ಲುತ್ತದೆ, ತೂಗುವುದು ನಿಂತ ಮೇಲೆ ಮುಂದಿನ ಹೆಜ್ಜೆ ಇಡುತ್ತದೆ. ಇದನ್ನು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ. ನಮ್ಮ ನಾಲ್ವರು ಗಗನಯಾತ್ರಿಗಳಿಗೆ ರಷ್ಯಾದಲ್ಲಿ ಸುಮಾರು ಒಂದು ವರ್ಷ ತರಬೇತಿ ಕೊಡಿಸಿದರು, ಕೊಡಿಸಲೇಬೇಕು. ನಾನು ಕೇಳುತ್ತಿರುವುದು ಆ ಮಗುವಿಗೆ ಎರಡನೇ ಬದಿಯ ಹಿಡಿಕೆ.

ಕಳಸಕ್ಕೆ ಅರ್ಹತೆ ಏನಿದೆ ಎಂದು ಕೇಳಬಹುದು. ಇಸ್ರೋದವರು 2024ರ ನವೆಂಬರಿನಲ್ಲಿ ಲೇಹ್‌ನಲ್ಲಿ, 2025ರ ಆಗಸ್ಟಿನಲ್ಲಿ ಲಡಾಖಿನ ತ್ಸೋ ಕರ್ ಕಣಿವೆಯಲ್ಲಿ ಅನ್ಯಗ್ರಹದ ವಾಸದ ಅಣಕು ಶಿಬಿರಗಳಿಗೆ ಬೆಂಬಲ ಕೊಟ್ಟರು. ಜನಸಂಪರ್ಕ ಕಡಿದ ಜಾಗದಲ್ಲಿ ಮನುಷ್ಯನ ಮೈ-ಮನಸ್ಸು ಏನಾಗುತ್ತದೆ ಎಂದು ತಿಳಿಯುವ ಉದ್ದೇಶ. ಇದಕ್ಕೆ ಅಷ್ಟು ದೂರ ಹೋಗಬೇಕಿತ್ತೆ? ಕಳಸದಲ್ಲಿ ಶಿಬಿರ ಕಟ್ಟುವ ಖರ್ಚೂ ಇಲ್ಲ, ನಾವು ಆಗಲೇ ವಾಸಕ್ಕಿದ್ದೇವೆ. ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಅಂಗಿಯ ಹೊಗೆವಾಸನೆ, ಸಂಜೆಗೆ ‘ನಿಮ್ಮಲ್ಲಿ ಎಷ್ಟು ಇಂಚು?’ ಎಂಬ ಒಂದೇ ಸಂಭಾಷಣೆ, ಬೂಷ್ಟು ಹಿಡಿದ ಬೆಲ್ಟು. ಬೇಕಾದ ಮಾಹಿತಿಯೆಲ್ಲ ಪುಕ್ಕಟೆ. ನೌಕೆ ಭೂಮಿಗೆ ಮರಳಿ ನುಗ್ಗುವಾಗ ಕಾದ ಅನಿಲ ಸುತ್ತ ಕವಿದು ಕೆಲವು ನಿಮಿಷ ರೇಡಿಯೋ ಸಂಪರ್ಕ ಕಡಿಯುತ್ತದೆ. ಆಗ ವಿಜ್ಞಾನಿಗಳು ಉಸಿರು ಬಿಗಿಹಿಡಿದು ಕೂರುತ್ತಾರಂತೆ. ನಾವು ಜೂನಿನಲ್ಲಿ ಬಿಗಿಹಿಡಿದದ್ದನ್ನು ದಸರಾಕ್ಕೆ ಬಿಡುವುದು.

ಸಂಪರ್ಕ ಕಡಿದದ್ದಕ್ಕೆ ದೇಶ ಅತ್ತದ್ದೂ ಉಂಟು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನಿಂದ 2.1 ಕಿಲೋಮೀಟರ್ ಮೇಲಿರುವಾಗ ಸುದ್ದಿ ನಿಂತಿತು. ಪ್ರಧಾನಿಯವರು ಬೆಂಗಳೂರಿನಲ್ಲಿ ಇಸ್ರೋ ಅಧ್ಯಕ್ಷರನ್ನು ತಬ್ಬಿ ಸಮಾಧಾನ ಹೇಳಿದರು. ನನ್ನ ಕಣ್ಣಲ್ಲೂ ನೀರು ಬಂತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಆಗಸ್ಟಿನ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಗುಡ್ಡಗಳು ಜರಿದು ಮನೆ, ತೋಟ, ಗದ್ದೆ ಹೂತುಹೋಗಿದ್ದವು. ವಿಕ್ರಮ್ ಯಾಕೆ ಬಿತ್ತೆಂದು ಇಸ್ರೋ ಹುಡುಕಿತು, ಲೆಕ್ಕ ತಿದ್ದಿತು, ಕಾಲು ಗಟ್ಟಿ ಮಾಡಿತು. 2023ರ ಆಗಸ್ಟ್ 23ರಂದು ಅದೇ ಹೆಸರಿನ ಇನ್ನೊಂದು ಲ್ಯಾಂಡರ್ ಚಂದ್ರನ ನೆಲದ ಮೇಲೆ ನಿಂತಿತು. ಬಿದ್ದವನಿಗೆ ಚಂದ್ರನಲ್ಲಿ ನಾಲ್ಕು ವರ್ಷದಲ್ಲಿ ಪುನರ್ವಸತಿ! ಗುಡ್ಡದ ಕೆಳಗೆ ಮನೆ ಕಳಕೊಂಡು ಆ ಹೊತ್ತಿಗೂ ಕಚೇರಿ ಸುತ್ತುತ್ತಿದ್ದವರು ಅವತ್ತು ಸಂಜೆ ಟಿವಿ ನೋಡಿ ಚಪ್ಪಾಳೆ ತಟ್ಟಿದರು. ಅವರ ದೇಶಭಕ್ತಿಯ ಬಗ್ಗೆ ಯಾರೂ ಅನುಮಾನ ಪಡಬಾರದು.

ಇಷ್ಟನ್ನು ಓದಿ ಹೇಳಿದ್ದೇ ತಡ, ನಮ್ಮೂರಿನ ಜೀಪ್ ಡ್ರೈವರ್ ಹುರುಪಾದ. “ಅದೇ ಮಾರಾಯ್ರೆ ನಾ ಹೇಳೋದು. ಆ ರಾಕೆಟ್ಟಿಗೆ ಸುಡೋ ದುಡ್ಡು ನಮ್ಮ ರಸ್ತೆಗೆ ಹಾಕಿದ್ರೆ ಎಂತ ಆಗ್ತಿತ್ತು?”

“ಎಂತದೂ ಆಗ್ತಿರ್ಲಿಲ್ಲ ಮಾರಾಯ.”

ಅವನಿಗೆ ಸಿಟ್ಟು ಬಂತು. ಆದರೆ ಲೆಕ್ಕ ಲೆಕ್ಕವೇ. 2025-26ರ ಕೇಂದ್ರ ಬಜೆಟ್ಟು 50.65 ಲಕ್ಷ ಕೋಟಿ, ಅದರಲ್ಲಿ ಬಾಹ್ಯಾಕಾಶ ಇಲಾಖೆಯ ಪಾಲು 13,416 ಕೋಟಿ. ನೂರು ರೂಪಾಯಿಗೆ 26 ಪೈಸೆ. ಗಗನಯಾನಕ್ಕೆ 8 ಹಾರಾಟ, ಮುಂದಿನ ಅಂತರಿಕ್ಷ ನಿಲ್ದಾಣದ ಮೊದಲ ಭಾಗ ಎಲ್ಲ ಸೇರಿ ಮಂಜೂರಾಗಿರುವುದು 20,193 ಕೋಟಿ, ಅದೂ ಹಲವು ವರ್ಷಗಳಿಗೆ ಹಂಚಿ. ಭದ್ರೆ ಉಕ್ಕಿದಾಗ ನೀರೊಳಗೆ ಹೋಗಿ ಹೊರನಾಡಿನ ದಾರಿ ಕಡಿಯುವ ಹೆಬ್ಬಾಳೆ ಸೇತುವೆಯನ್ನು ಈ 26 ಪೈಸೆ ಉಳಿಸಿ ಎತ್ತರಿಸುತ್ತೇವೆ ಎನ್ನುವವರು, ಉಳಿದ 99 ರೂಪಾಯಿ 74 ಪೈಸೆಯಲ್ಲಿ ಇಷ್ಟು ದಿನ ಯಾಕೆ ಎತ್ತರಿಸಲಿಲ್ಲ ಎಂದು ಮೊದಲು ಹೇಳಲಿ.

ಅಮೆರಿಕದವರು ಈ ಜಗಳವನ್ನು ಆಗಲೇ ಆಡಿ ಮುಗಿಸಿದ್ದಾರೆ. 1969ರ ಜುಲೈಯಲ್ಲಿ ಅಪೋಲೊ-11 ಹಾರುವ ಹಿಂದಿನ ದಿನ ರಾಲ್ಫ್ ಅಬರ್ನಾಥಿ ಎಂಬ ಪಾದ್ರಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಒಡನಾಡಿ, ಬಡ ಕುಟುಂಬಗಳನ್ನೂ ಹೇಸರಗತ್ತೆಗಳನ್ನೂ ಕಟ್ಟಿಕೊಂಡು ಉಡಾವಣಾ ಕೇಂದ್ರದ ಬಾಗಿಲಿಗೇ ಹೋಗಿ ನಿಂತರು. ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಹೊರಗೆ ಬಂದು, ನಾಳೆ ಗುಂಡಿ ಒತ್ತದೆ ಬಿಟ್ಟರೆ ಬಡತನ ಹೋಗುವುದಾದರೆ ಒತ್ತುವುದೇ ಇಲ್ಲ ಎಂಬರ್ಥದ ಮಾತಾಡಿದರು. 1966ರಲ್ಲಿ ಅಲ್ಲಿನ ಕೇಂದ್ರ ಬಜೆಟ್ಟಿನ ನೂರು ಡಾಲರಿನಲ್ಲಿ ನಾಲ್ಕು ಚಿಲ್ಲರೆ ಡಾಲರ್ ನಾಸಾಕ್ಕೆ ಹೋಗುತ್ತಿತ್ತು, ಈಗ ಅರ್ಧ ಡಾಲರೂ ಇಲ್ಲ. 1972ರ ಡಿಸೆಂಬರಿನಿಂದೀಚೆಗೆ ಅರ್ಧ ಶತಮಾನ ಚಂದ್ರನ ಕಡೆ ಒಬ್ಬನೂ ಹೋಗಲಿಲ್ಲ. ಹಾಗೆ ಉಳಿದ ಡಾಲರು ಹೇಸರಗತ್ತೆಯವರ ಅಂಗಳಕ್ಕೆ ಬಂದು ಬಿದ್ದದ್ದನ್ನು ಕಂಡವರಿಲ್ಲ.

ಡ್ರೈವರ್ ತುಸು ಹೊತ್ತು ಸ್ಟೇರಿಂಗು ನೋಡುತ್ತ ಕೂತ. “ಹಂಗಾದ್ರೆ ಎರಡೂ ಮಾಡ್ಬಹುದಿತ್ತಲ್ಲ ಮಾರಾಯ್ರೆ?” ಹಣಕಾಸು ಸಚಿವಾಲಯಕ್ಕೆ ಹೊಳೆಯದ್ದು ಕಳಸದ ಜೀಪ್ ಸ್ಟ್ಯಾಂಡಿನಲ್ಲಿ ಹೊಳೆದುಬಿಟ್ಟಿತು.

ಹಾಗೆಂದು ಹೊಸ ಇಲಾಖೆಯ ಕನಸುಗಳಿಗೆಲ್ಲ ನನ್ನ ರುಜು ಇದೆ ಎಂದುಕೊಳ್ಳಬೇಡಿ. 2035ಕ್ಕೆ ನಮ್ಮದೇ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ ಎನ್ನುತ್ತಾರೆ. ಆಗಲಿ. ಅದರಾಚೆಗೆ ವಸಾಹತು ಎಂಬ ಮಾತು ಬಂದಾಗ ಮಾತ್ರ ಕಳಸದವನಿಗೆ ಕುದುರೆಮುಖ ನೆನಪಾಗುತ್ತದೆ. ಸರ್ಕಾರಿ ದುಡ್ಡಿನಲ್ಲಿ, ಯಾರೂ ಇಲ್ಲದ ಕಾಡಿನ ನಡುವೆ, ದೂರದ ಒಬ್ಬ ಗಿರಾಕಿಯನ್ನು ನಂಬಿ ಕಟ್ಟಿದ ವಸಾಹತು ಹೇಗಿರುತ್ತದೆಂದು ನಾವು ಕಣ್ಣಾರೆ ಕಂಡವರು. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಹುಟ್ಟಿತು. ಅದಿರು ಕೊಳ್ಳಬೇಕಾದವನು ಇರಾನಿನ ಷಾ, ಸಾಲದ ದುಡ್ಡೂ ಅವನದೇ. ಗಣಿ ತಯಾರಾಗುವಷ್ಟರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟು ಓಡಿದ್ದ. ಗುಡ್ಡ ಅಗೆದದ್ದಾಗಿತ್ತು, ಮಂಗಳೂರಿನವರೆಗೆ ಕೊಳವೆ ಎಳೆದದ್ದಾಗಿತ್ತು. ಬೇರೆ ಗಿರಾಕಿ ಹುಡುಕಿ ಹೇಗೋ ನಡೆಸಿದರು. ಶಾಲೆ, ಆಸ್ಪತ್ರೆ, ಸಾಲು ಸಾಲು ಕ್ವಾರ್ಟರ್ಸು, ನಮ್ಮೂರಿನವರು ಹೊಟ್ಟೆಕಿಚ್ಚು ಪಡುವಷ್ಟು ನುಣುಪಾದ ರಸ್ತೆ. ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯ ದಿನ ಗಣಿ ನಿಂತಿತು. ನಿಲ್ಲಬೇಕಾದದ್ದೇ, ಭದ್ರೆ ಕೆಂಪಾಗಿದ್ದಳು. ಆದರೆ ಗಣಿ ನಿಂತ ಮೇಲೆ ಮನೆಗಳನ್ನು ಏನು ಮಾಡುವುದೆಂದು ಯಾರೂ ಮೊದಲೇ ಬರೆದಿಟ್ಟಿರಲಿಲ್ಲ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದವರು ಇದರಲ್ಲಿ ವಾಸಿ. 2030ರ ನಂತರ ಅದನ್ನು ಎಳೆದು ಸಮುದ್ರಕ್ಕೆ ಹಾಕಲು ಸ್ಪೇಸ್‌ಎಕ್ಸ್ ಕಂಪನಿಗೆ 84.3 ಕೋಟಿ ಡಾಲರ್ ತನಕ ಗುತ್ತಿಗೆ ಕೊಟ್ಟಾಗಿದೆ. ಕುದುರೆಮುಖದ ಕ್ವಾರ್ಟರ್ಸಿಗೆ ಅಷ್ಟು ಖರ್ಚು ಬೇಡ, ಮಳೆಯೇ ಆ ಕೆಲಸವನ್ನು ಗುತ್ತಿಗೆಯಿಲ್ಲದೆ ಮಾಡುತ್ತಿದೆ.

ಇನ್ನೊಂದು ಅಳುಕೂ ಇದೆ. ಮನುಷ್ಯ ಮೇಲೆ ಹೋದರೆ ಮುಖಪುಟಕ್ಕೆ ಫೋಟೋ ಸಿಗುತ್ತದೆ. ಉಪಗ್ರಹ ಯಾರನ್ನೂ ನೋಡಿ ಕೈಬೀಸುವುದಿಲ್ಲ. ಅಮೆರಿಕದ ಅಧ್ಯಕ್ಷರ ಕಚೇರಿ 2026ರ ಬಜೆಟ್ಟಿಗೆ ಕೊಟ್ಟ ಪ್ರಸ್ತಾವದಲ್ಲಿ ನಾಸಾದ ವಿಜ್ಞಾನದ ದುಡ್ಡಿಗೆ ಹತ್ತಿರಹತ್ತಿರ ಅರ್ಧದಷ್ಟು ಕತ್ತರಿ ಹಾಕಿ, ಮಂಗಳಕ್ಕೆ ಮನುಷ್ಯನನ್ನು ಕಳಿಸುವ ತಯಾರಿಗೆ 100 ಕೋಟಿ ಡಾಲರ್ ಹೊಸದಾಗಿ ತೋರಿಸಿತ್ತು. ಆ ಗಾಳಿ ಇಲ್ಲಿಗೆ ಬೀಸದಿರಲಿ. ಇಸ್ರೋದ ಹೈದರಾಬಾದ್ ಕೇಂದ್ರ 2023ರಲ್ಲಿ ಹೊರತಂದ ಭೂಕುಸಿತದ ಅಟ್ಲಾಸಿನಲ್ಲಿ 147 ಜಿಲ್ಲೆಗಳಿವೆ, ನಮ್ಮದೂ ಇದೆ. ಆಕಾಶದಿಂದ ನಮ್ಮ ಗುಡ್ಡಗಳನ್ನು ನೋಡಿದವರಿದ್ದಾರೆ ಎಂದಾಯಿತು. ನೋಡಿದ್ದನ್ನು ಗುಡ್ಡದ ಕೆಳಗೆ ಮಲಗಿದವನ ಕಿವಿಗೆ ಹಾಕುವ ಕಡೆಯ ಎರಡು ಮೈಲಿಗೆ ಯಾವ ಇಲಾಖೆಯಲ್ಲೂ ಬಜೆಟ್ಟಿಲ್ಲ. ಆನೆಗಳದ್ದೂ ಇದೇ ಕತೆ. ಹಾಸನ, ಚಿಕ್ಕಮಗಳೂರಿನ ಕೆಲವು ಆನೆಗಳ ಕೊರಳಿಗೆ ಕಾಲರ್ ಹಾಕಿದ್ದಾರೆ. ಯಾವ ಎಸ್ಟೇಟಿನ ಯಾವ ಮೂಲೆಯಲ್ಲಿದೆ ಎಂದು ಆಕಾಶಕ್ಕೆ ಗೊತ್ತಾಗುತ್ತದೆ. ಎಚ್ಚರಿಕೆಯ ಮೆಸೇಜು ಲೈನಿನ ಆಳಿನ ಫೋನಿಗೆ ಬರಬೇಕಾದರೆ ಟವರು ಬದುಕಿರಬೇಕು. ಮೆಸೇಜಿಗೆ ಮೊದಲೇ ಆನೆ ಬರುತ್ತದೆ.

ಇದೆಲ್ಲ ಇದ್ದರೂ ಮೇಲೆ ಹೋಗುವುದೇ ಬೇಡ ಎನ್ನಲು ನನ್ನ ಬಾಯಿ ಬರುವುದಿಲ್ಲ. 2025ರ ಜೂನ್-ಜುಲೈಯಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ 18 ದಿನ ಇದ್ದು ಬಂದರು. ಖರ್ಚು ಸುಮಾರು 550 ಕೋಟಿ. ಅವರು ಒಯ್ದ ನಮ್ಮ ದೇಶದ ಪ್ರಯೋಗಗಳು ಏಳು. ಅದರಲ್ಲೊಂದು, ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಕೈಹಾಕಿದ್ದು, ಹೆಸರುಕಾಳು ಮತ್ತು ಮೆಂತ್ಯ ಮೊಳಕೆ ಬರಿಸುವುದು. ಜುಲೈಯಲ್ಲಿ ನಮ್ಮನೆಯಲ್ಲಿ ಡಬ್ಬದಲ್ಲಿಟ್ಟ ಹೆಸರುಕಾಳು ಯಾವ ವಿಜ್ಞಾನಿಯೂ ಇಲ್ಲದೆ ಮೊಳೆಯುತ್ತದೆ ಎಂದು ನಗುವವರು ನಗಲಿ. ಕಾಫಿಯ ಮಾತಾದರೆ, 2015ರಲ್ಲೇ ಇಟಲಿಯ ಸಮಂತಾ ಕ್ರಿಸ್ಟೋಫೊರೆಟ್ಟಿ ಲವಾಜ್ಜಾದವರ ಯಂತ್ರದಲ್ಲಿ ಇಳಿಸಿದ ಎಸ್ಪ್ರೆಸೊವನ್ನು ನಿಲ್ದಾಣದಲ್ಲಿ ಕುಡಿದಾಗಿದೆ. ನಮ್ಮ ದೇಶದ ಕಾಫಿಗೆ ದೊಡ್ಡ ಗಿರಾಕಿ ಇಟಲಿ. ಆ ಗುಟುಕಿನಲ್ಲಿ ಈ ಬೆಟ್ಟದ ಎರಡು ಕಾಳಾದರೂ ಇದ್ದವೆಂದು ನಂಬಿಕೊಂಡಿದ್ದೇನೆ.

ಏಳು ಪ್ರಯೋಗಕ್ಕೆ 550 ಕೋಟಿಯೇ ಎಂದು ಹುಬ್ಬೇರಿಸುವವರು ನಮ್ಮ ಜಿಲ್ಲೆಯ ಇನ್ನೊಂದು ಏಳನ್ನು ಮರೆಯಬಾರದು. 17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಗಿರಿಯಲ್ಲಿ ಹಾಕಿದರೆಂಬುದು ನಾವೆಲ್ಲ ನಂಬಿಕೊಂಡು ಬಂದ ಐತಿಹ್ಯ. ನಮ್ಮ ಊಟ, ಸಾಲ, ಜೀಪು ಎಲ್ಲ ಆ ಏಳರ ಮೇಲೆ ನಿಂತಿದೆ. ಆ ಯಾತ್ರೆಗೆ ಯೋಜನಾ ವರದಿ ಇರಲಿಲ್ಲ, ಲಾಭ-ನಷ್ಟದ ಅಂದಾಜು ಇರಲಿಲ್ಲ, ಮೂರು ಕೊಟೇಶನ್ ತರಿಸಿರಲಿಲ್ಲ. ಪುಣ್ಯಕ್ಕೆ ಆಗ ಲೆಕ್ಕ ತಪಾಸಣೆಯೂ ಇರಲಿಲ್ಲ. ಇದ್ದಿದ್ದರೆ ಕಡತದಲ್ಲಿ ಹೀಗೊಂದು ಷರಾ ಬೀಳುತ್ತಿತ್ತು: “ಸದರಿ ಯಾತ್ರಿಕರು ಯೆಮನ್‌ವರೆಗೆ ತೆರಳಿ ಕೇವಲ ಏಳು ಬೀಜಗಳನ್ನು ತಂದಿರುವುದರಿಂದ ತಲಾ ಬೀಜದ ಸಾಗಾಣಿಕೆ ವೆಚ್ಚವು ವಿಪರೀತವಾಗಿರುವುದು ಕಂಡುಬಂದಿದೆ. ಬಳಕೆ ಪ್ರಮಾಣಪತ್ರ ಸಲ್ಲಿಸಿರುವುದಿಲ್ಲ. ಬೀಜಗಳನ್ನು ಮಣ್ಣಿನಲ್ಲಿ ಹೂತುಹಾಕಿರುವುದರಿಂದ ದಾಸ್ತಾನು ಪರಿಶೀಲನೆಯೂ ಸಾಧ್ಯವಾಗಿರುವುದಿಲ್ಲ. ಪೂರ್ಣ ಮೊತ್ತವನ್ನು ಯಾತ್ರಿಕರಿಂದ ವಸೂಲಿ ಮಾಡತಕ್ಕದ್ದು.”