ಬಸಳೆ ಚಪ್ಪರದ ತಾತ್ವಿಕ ನೆಲೆಗಳು: ಒಂದು ಪ್ರವೇಶಿಕೆ

ಪ್ರಸ್ತುತ ಪ್ರಬಂಧವು ಬಸಳೆ ಚಪ್ಪರವನ್ನು ಬರೀ ಬಸಳೆ ಚಪ್ಪರವೆಂದು ನೋಡುವ ಮುಗ್ಧ ಓದುಗಳನ್ನು ನಿರಾಕರಿಸುತ್ತದೆ. ಚಪ್ಪರವೆಂದರೆ ಊರ್ಧ್ವಮುಖಿ ಜೈವಿಕ ಆಕಾಂಕ್ಷೆಗೂ ಸಮತಲೀಯ ಬಿದಿರಿಗೂ ನಡುವೆ ಏರ್ಪಡುವ ಅನುಸಂಧಾನ. ಈ ಆಕಾಂಕ್ಷೆಯನ್ನು ಮುಂದೆ ಊ.ಜೈ.ಆ. ಎಂದು ಕರೆಯಲಾಗುವುದು. ಹೀಗೆ ಕರೆದರೆ ಬಸಳೆಗೆ ಏನೂ ಆಗುವುದಿಲ್ಲ, ಪ್ರಬಂಧಕಾರನಿಗೆ ಬಡ್ತಿಯಾಗುತ್ತದೆ. ಅಧ್ಯಯನದ ವ್ಯಾಪ್ತಿ: ಹಿತ್ತಿಲು. ಮಿತಿ: ಪಕ್ಕದ ಮನೆಯವರ ಕಾಂಪೌಂಡು.

1. ಪೂರ್ವಸೂರಿಗಳು

ಚಪ್ಪರದ ಇತಿಹಾಸದಲ್ಲೇ ಅತ್ಯಂತ ದುಬಾರಿಯದು ತಮಿಳುನಾಡಿನದು. ಆಸರೆಯಿಲ್ಲದೆ ತೊಯ್ದಾಡುತ್ತಿದ್ದ ಮುಲ್ಲೈ ಬಳ್ಳಿಗೆ ಪರಂಬು ಬೆಟ್ಟದ ದೊರೆ ಪಾರಿ ತನ್ನ ರಥವನ್ನೇ ಬಿಟ್ಟುಕೊಟ್ಟನೆಂದು ಸಂಗಂ ಪರಂಪರೆ ಕೊಂಡಾಡುತ್ತದೆ. ಎರಡು ಗೂಟ, ಒಂದು ಹಗ್ಗ ತರಿಸಿದ್ದರೆ ಮುಗಿಯುತ್ತಿತ್ತು. ಆದರೆ ಗೂಟ ಕೊಟ್ಟವನ ಮೇಲೆ ಯಾರು ಪದ್ಯ ಕಟ್ಟುತ್ತಾರೆ? ನಮ್ಮ ಹಳೆಯ ಕಾವ್ಯಗಳಲ್ಲಂತೂ ಲತಾಮಂಟಪ ತಪ್ಪದು. ವಿರಹಿಗಳು ಬಂದು ಕೂರುತ್ತಾರೆ, ನಿಟ್ಟುಸಿರು ಬಿಡುತ್ತಾರೆ. ಕಂಬ ನೆಟ್ಟವರು ಯಾರೆಂದು ಒಬ್ಬ ಕವಿಯೂ ಹೇಳುವುದಿಲ್ಲ.

ಬಳ್ಳಿಯನ್ನು ನಿಜಕ್ಕೂ ನೋಡಿದವರು ಡಾರ್ವಿನ್. ಕಾಯಿಲೆ ಬಿದ್ದು ಹಗಲಿರುಳೂ ಕೋಣೆಯಲ್ಲೇ ಇರಬೇಕಾಗಿ ಬಂದಾಗ ಕುಂಡದಲ್ಲಿದ್ದ ಹಾಪ್ ಬಳ್ಳಿಯ ತುದಿ ಗಾಳಿಯಲ್ಲಿ ಸುತ್ತುವುದನ್ನು ಗಮನಿಸುತ್ತ ಕೂತರು. ಹಬ್ಬುವ ಗಿಡಗಳ ಮೇಲೆ ಅವರು ಬರೆದ ದೀರ್ಘ ಪ್ರಬಂಧ 1865ರಲ್ಲಿ ಅಚ್ಚಾಯಿತು. ಅದರಲ್ಲಿ ಅನುಸಂಧಾನವಿಲ್ಲ, ಬರೀ ಬಳ್ಳಿಯಿದೆ. ನಮ್ಮ ವಿಚಾರಸಂಕಿರಣಕ್ಕೆ ಕಳಿಸಿದ್ದರೆ ವಾಪಸು ಬರುತ್ತಿತ್ತು.

2. ವರ್ಗೀಕರಣ

ಅ) ಆವರ್ತನವಾದಿಗಳು. ಕಾಂಡವೇ ಸುತ್ತಿಕೊಂಡು ಏರುವಂಥವು: ಬಸಳೆ, ಅವರೆ.

ಆ) ತಂತುವಾದಿಗಳು. ಕುಡಿಬಳ್ಳಿ ಚಾಚಿ ಹಿಡಿಯುವಂಥವು: ಹಾಗಲ, ಹೀರೆ, ತೊಂಡೆ, ಪಡುವಲ. ಹಿಡಿತ ಸಿಕ್ಕ ಮೇಲೆ ಕುಡಿಬಳ್ಳಿ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. ಅರ್ಧ ಒಂದು ದಿಕ್ಕಿಗೆ, ಇನ್ನರ್ಧ ತದ್ವಿರುದ್ಧ ದಿಕ್ಕಿಗೆ. ಗಾಳಿ ಬೀಸಿದರೆ ಹಿಗ್ಗುತ್ತದೆ, ಕಿತ್ತುಬರುವುದಿಲ್ಲ.

ಇ) ಮೂಲಭೂತವಾದಿಗಳು. ಬೇರೂರಿ ಏರುವಂಥವು: ವೀಳ್ಯದೆಲೆ, ಕಾಳುಮೆಣಸು. ಇವಕ್ಕೆ ಚಪ್ಪರ ಬೇಡ, ಮರ ಬೇಕು.

ಈ) ಮಾರ್ಗದರ್ಶಕರು ಏಳು ವರ್ಗಗಳಾದರೂ ಇರಲೇಬೇಕೆಂದಿದ್ದರು. ಬಿಡಿ, ಅಷ್ಟು ಬಗೆಯ ಬಳ್ಳಿ ಹಿತ್ತಿಲಲ್ಲಿಲ್ಲ.

3. ಸಾಮಗ್ರಿಯ ಸಂಕಥನ

1927ರ ಅರಣ್ಯ ಕಾಯ್ದೆ ಬಿದಿರನ್ನು ಮರವೆಂದಿತು. ಸಸ್ಯಶಾಸ್ತ್ರದ ಪ್ರಕಾರ ಅದು ಹುಲ್ಲು. 2017ರ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರು ಮರವಲ್ಲವೆಂದಾಯಿತು. ಅಂದರೆ ತೊಂಬತ್ತು ವರ್ಷ ನಮ್ಮ ಬಸಳೆ, ತಾನು ಹಬ್ಬಿರುವುದು ಮರಕ್ಕೋ ಹುಲ್ಲಿಗೋ ತಿಳಿಯದೆ ಅಸ್ಮಿತೆಯ ಬಿಕ್ಕಟ್ಟಿನಲ್ಲಿ ನರಳಿತು.

ಈಗ ಪೆಟ್ಟಿಗೆಯಲ್ಲಿ ಬರುವ ಕಬ್ಬಿಣದ ಕಮಾನಿನ ಮಾತು. ಉದ್ಯಾನ ಸಲಹೆಗಾರರೆಂಬವರು ನಕ್ಷೆ ಹಿಡಿದು ಬಂದು, ಇದು ನಿಮ್ಮ ಅಂಗಳದ ದೃಶ್ಯಭಾಷೆಯನ್ನೇ ಬದಲಿಸುತ್ತದೆ ಎನ್ನುತ್ತಾರೆ. ಬದಲಿಸುತ್ತದೆ, ನಿಜ. ನುಣುಪು ಬಣ್ಣ ಬಳಿದ ದಪ್ಪ ಕೊಳವೆಯನ್ನು ಹಾಗಲದ ಕುಡಿ ಹಿಡಿಯಲಾರದು. ಅದಕ್ಕೆ ಬೇಕಾದದ್ದು ಹುರಿಯಷ್ಟು, ಕಡ್ಡಿಯಷ್ಟು ತೆಳ್ಳಗಿನದು. ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣ ಕಾದು ಎಳೆಕುಡಿ ಬಾಡುತ್ತದೆ. ಕಮಾನಿನ ಕಾಲು ಗೇಣುದ್ದವೂ ಮಣ್ಣಿಗಿಳಿದಿರುವುದಿಲ್ಲ; ಮಳೆಯಲ್ಲಿ ನೆನೆದ ಬಸಳೆಯ ಭಾರಕ್ಕೆ ದೃಶ್ಯಭಾಷೆ ಸಮೇತ ಅಡ್ಡಬೀಳುತ್ತದೆ. ಕಡೆಗೆ ಆ ಕಬ್ಬಿಣಕ್ಕೆ ತೆಂಗಿನ ನಾರಿನ ಹುರಿ ಸುತ್ತಿಕೊಡಬೇಕು. ಹುರಿಯೇ ಸಾಕಾಗಿದ್ದರೆ ಕಮಾನು ಯಾಕೆ ತಂದಿರಿ ಎಂದು ಸಲಹೆಗಾರರನ್ನು ಕೇಳಬಾರದು, ಅದಕ್ಕೂ ಶುಲ್ಕವಿದೆ.

4. ಸ್ಥಾಪನಾ ವಿಧಾನ

ಎಂಟಡಿಯ ನಾಲ್ಕು ಕಂಬ. ಸರ್ವೆಯದಾಗಲಿ, ಬಲಿತ ಬಿದಿರಿನದಾಗಲಿ. ಮಣ್ಣಿಗಿಳಿಯುವ ತುದಿಯನ್ನು ಬೆಂಕಿಯಲ್ಲಿ ಕರಿಕಾಗಿಸಿ, ಗೆದ್ದಲು ತಡವಾಗುತ್ತದೆ. ಎರಡಡಿ ಗುಣಿ ತೋಡಿ ನಿಲ್ಲಿಸಿ, ಕಲ್ಲು ಹಾಕಿ ಜಡಿಯಿರಿ. ಮೇಲೆ ಅಡಿಕೆ ದಬ್ಬೆ ಹರಡಿ ಹುರಿಯಿಂದ ಬಿಗಿಯಿರಿ. ಮೂಲೆಮೂಲೆಗೆ ಒಂದೊಂದು ಓರೆಕೋಲು ಕಟ್ಟುವುದನ್ನು ಮಾತ್ರ ಮರೆಯಬೇಡಿ. ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಹುರಿ ಬಹಳ ಕಾಲ ಬಾಳುವುದಿಲ್ಲವೆಂಬುದು ಅದರ ದೋಷವಲ್ಲ. ಒಣಗಿದ ಬಳ್ಳಿಯ ಜೊತೆಗೇ ಗೊಬ್ಬರದ ಗುಂಡಿಗೆ ಹೋಗುತ್ತದೆ. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಪುಡಿಯಾಗಿ ಮಣ್ಣಲ್ಲೇ ಉಳಿಯುತ್ತದೆ. (ಪಡುವಲ ಹಾಕಿದ್ದರೆ ಕಾಯಿಯ ತುದಿಗೆ ಚಿಕ್ಕ ಕಲ್ಲು ಕಟ್ಟಿ, ನೆಟ್ಟಗೆ ಇಳಿಯುತ್ತದೆ. ಇದಕ್ಕೆ ಇನ್ನೂ ಯಾರೂ ಸಿದ್ಧಾಂತ ಬರೆದಿಲ್ಲ.)

ಇಷ್ಟನ್ನೂ ಬಲ್ಲವನು ಒಬ್ಬನಿರುತ್ತಾನೆ, ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಾನೆ. ಒಂದು ಹಗಲಿನಲ್ಲಿ ಕಟ್ಟಿ ಮುಗಿಸುತ್ತಾನೆ. ಕಮಾನಿಗೆ ಹೇಳಿದಷ್ಟು ಸುರಿದ ಅದೇ ಮನೆಯವರು ಇವನ ಕೂಲಿಯಲ್ಲಿ ಐವತ್ತು ರೂಪಾಯಿ ಮುರಿಯಲು ಗೇಟಿನ ಬಳಿ ಅರ್ಧ ಗಂಟೆ ನಿಂತು ಚೌಕಾಸಿ ಮಾಡುತ್ತಾರೆ. ಆಮೇಲೆ ಹವಾನಿಯಂತ್ರಿತ ಸಭಾಂಗಣದಲ್ಲಿ ‘ದೇಸಿ ಜ್ಞಾನ ಪರಂಪರೆಗಳ ಪುನಶ್ಚೇತನ’ ಎಂಬ ಗೋಷ್ಠಿಗೆ ಅಧ್ಯಕ್ಷರಾಗಿ ಹಾರ ಹಾಕಿಸಿಕೊಳ್ಳುತ್ತಾರೆ. ಆ ಜ್ಞಾನ ಹೊರಗಡೆ ಬಿಸಿಲಲ್ಲಿ ನಿಂತು ಇನ್ನೊಂದು ಕೆಲಸ ಕೇಳುತ್ತಿರುತ್ತದೆ. ಅವನ ಮಗ ಈ ಕೆಲಸಕ್ಕೆ ಬರುವುದಿಲ್ಲ. ಯಾಕೆ ಬರಬೇಕು?

5. ಗುಣಿ ತೋಡುವ ಕ್ರಮದ ಬಗ್ಗೆ ಇಲ್ಲೊಂದು ಅಧ್ಯಾಯವಿರಬೇಕಿತ್ತು. ಎಲ್ಲಿ ತೋಡುತ್ತೀರಿ? ಕರಾವಳಿಯ ಮನೆಗಳಲ್ಲಿ ಬಸಳೆ ಇರುತ್ತಿದ್ದದ್ದು ಬಾವಿಕಟ್ಟೆಯ ಪಕ್ಕ, ಬಚ್ಚಲ ನೀರು ಹರಿದುಹೋಗುವಲ್ಲಿ. ಯಾರೂ ಅದಕ್ಕೆಂದು ನೀರು ಹೊತ್ತವರಲ್ಲ. ಮನೆಮಂದಿ ಮಿಂದರೆ ಬಸಳೆಯೂ ಮಿಂದ ಹಾಗೆ. ಈಗ ಮೂವತ್ತು–ನಲವತ್ತರ ಸೈಟಿನಲ್ಲಿ ಗೋಡೆಯಿಂದ ಗೋಡೆಗೆ ಸಿಮೆಂಟು, ಕಾರು ನಿಲ್ಲುವಲ್ಲಿ ಟೈಲ್ಸು. ಮಳೆನೀರಿಗೂ ಇಂಗಲು ಅಂಗೈಯಗಲ ಜಾಗವಿಲ್ಲ. ಉಳಿದದ್ದು ತಾರಸಿ. ಪೇಂಟಿನ ಹಳೆಯ ಡಬ್ಬಗಳಿಗೆ ಕಾಂಕ್ರೀಟ್ ತುಂಬಿ ಕಂಬ ನಿಲ್ಲಿಸಿ, ನಾಲ್ಕನ್ನೂ ಮೇಲುಗಡೆ ಅಡ್ಡಕೋಲುಗಳಿಂದ ಒಂದಕ್ಕೊಂದು ಬಿಗಿಯಿರಿ. ಬಸಳೆಯ ಬಲಿತ ದಂಟನ್ನು ಮಣ್ಣಿನ ಚೀಲದಲ್ಲಿ ಊರಿದರೆ ಸಾಕು, ಚಿಗುರುತ್ತದೆ. ಬಚ್ಚಲ ನೀರನ್ನು ಮಾತ್ರ ಬಕೆಟ್ಟಿನಲ್ಲಿ ಮೆಟ್ಟಿಲು ಹತ್ತಿಸಬೇಕು.